ಸೊಳ್ಳೆಗೆ ಒಗ್ಗುವ ರೋಗಾಣು

ಹೆಣ್ಣು ಅನಾಫಿಲಿಸ್ ಸೊಳ್ಳೆಯಿಂದ ಮಲೇರಿಯ ಹರಡುವುದೆಂದು ನಾವು ತರಗತಿಯಲ್ಲಿ ಬರೆಯಿಸುತ್ತೇವೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಮಾತೇನೋ ನಿಜ. ಆದರೆ ಅಲ್ಲಿ ನಾವು ಸೊಳ್ಳೆಯ ಜಾತಿಯನ್ನು ಕೇಳಿದೆವಲ್ಲದೆ ರೋಗಾಣುವಿನ ಕುಲವನ್ನು ಕೇಳಲಿಲ್ಲ.

ಸೇನಾವೈದ್ಯರಾದ ರೊನಾಲ್ಡ್ ರಾಸರು 1895ರಲ್ಲಿ ಸಿಕಂದರಾಬಾದಿನಲ್ಲಿ ರೋಗಿಗಳ ರಕ್ತವನ್ನು ಸೊಳ್ಳೆಗಳಿಗೆ ಕುಡಿಸಿ, ಅವನ್ನು ಸೀಳಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸತೊಡಗಿದರು. ನಡುವೆ ಕಾಲರಾ ನಿವಾರಣೆಯ ಕೆಲಸಕ್ಕೆಂದು ಬೆಂಗಳೂರಿಗೂ ಬಂದಿದ್ದರು. ಬೂದು ಸೊಳ್ಳೆ, ಪಟ್ಟೆ ಸೊಳ್ಳೆಗಳಲ್ಲಿ ಅವರಿಗೆ ಏನೂ ದೊರೆಯಲಿಲ್ಲ. 1897ರ ಆಗಸ್ಟ್ 20ರಂದು ಚುಕ್ಕೆರೆಕ್ಕೆಯ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಕರಿಯ ಕಣಗಳನ್ನು ಹೊತ್ತ ದುಂಡು ಕೋಶಗಳು ಕಂಡವು. ಆ ಸೊಳ್ಳೆಗೆ ರಕ್ತವನ್ನಿತ್ತವನು ಹುಸೇನ್ ಖಾನನೆಂಬ ರೋಗಿ. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಅವನಿಗೆ ಸಂದಿತು; ರಾಸರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಬ್ಬರ ಹೆಸರನ್ನೂ ಮಕ್ಕಳಿಗೆ ಹೇಳುವುದು ನ್ಯಾಯವೆಂದು ನಮಗೆ ತೋರುತ್ತದೆ.

ಸೊಳ್ಳೆಯ ಜಾತಿಯೊಂದೇ ಸಾಲದೆಂಬುದು ಮುಂದೆ ಇಂಗ್ಲೆಂಡಿನಲ್ಲಿ ತಿಳಿಯಿತು. ಆ ನಾಡಿನ ಅನಾಫಿಲಿಸ್ ಸೊಳ್ಳೆಗಳಲ್ಲಿ ದಕ್ಷಿಣ ಯುರೋಪಿನ ಫಾಲ್ಸಿಪಾರಂ ರೋಗಾಣು ಬೆಳೆಯುತ್ತಿತ್ತು. ಅದೇ ಫಾಲ್ಸಿಪಾರಂ ಜಾತಿಗೆ ಸೇರಿದ, ಉಷ್ಣವಲಯದಿಂದ ಬಂದ ಕೆಲವು ತಳಿಗಳು ಮಾತ್ರ ಬೆಳೆಯಲಿಲ್ಲವೆಂದು ಪಿ. ಜಿ. ಷೂಟರು 1940ರಲ್ಲಿ ಪ್ರಕಟಿಸಿದರು.

ತಳಿಗಳಲ್ಲಿ ಇಷ್ಟು ಭೇದವೇಕೆ? ಮನುಷ್ಯನ ರಕ್ತದಲ್ಲಿ ರೋಗಾಣು ತನ್ನನ್ನೇ ಸೀಳಿಕೊಂಡು ಹೆಚ್ಚುತ್ತದೆ. ಅದರ ಗಂಡು ಹೆಣ್ಣುಗಳು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಿ. ಮದುವೆಯ ಚಪ್ಪರ ಅದೇ. ಒಂದೇ ಗುಟುಕಿನಲ್ಲಿ ಎರಡು ತಳಿಗಳು ಒಳಹೊಕ್ಕರೆ ಅವುಗಳ ವಂಶವಾಹಿಗಳು ಬೆರೆತು ಹೊಸ ಸಂತಾನ ಹುಟ್ಟುತ್ತದೆ. ಫಾಲ್ಸಿಪಾರಂನಲ್ಲಿ ಇದನ್ನು ಡೇವಿಡ್ ವಾಲಿಕರರೂ ಸಂಗಡಿಗರೂ 1987ರಲ್ಲಿ ಪ್ರಯೋಗದಿಂದ ತೋರಿಸಿದರು.

ಹುಟ್ಟಿದ್ದೆಲ್ಲ ಬದುಕುವುದಿಲ್ಲ. ಸೊಳ್ಳೆಗೂ ತನ್ನದೇ ರಕ್ಷಣಾಶಕ್ತಿಯುಂಟು. ಜಠರದ ಗೋಡೆಯನ್ನು ದಾಟುವ ರೋಗಾಣುವನ್ನು ಅದು ಗುರುತಿಸಿ ಕೊಲ್ಲಬಲ್ಲದು. ಪಿಎಫ್‌ಎಸ್47 ಎಂಬ ವಂಶವಾಹಿಯ ಬಲದಿಂದ ಕೆಲವು ತಳಿಗಳು ಅದರ ಕಣ್ಣು ತಪ್ಪಿಸುತ್ತವೆಂದು 2013ರಲ್ಲಿ ಗೊತ್ತಾಯಿತು. ಆಫ್ರಿಕ, ಏಷ್ಯ, ಅಮೆರಿಕಗಳ ರೋಗಾಣುಗಳಲ್ಲಿ ಈ ವಂಶವಾಹಿಯ ರೂಪ ಬೇರೆಬೇರೆ. 2015ರ ಪ್ರಯೋಗಗಳಲ್ಲಿ ಆ ರೂಪವೊಂದನ್ನು ಬದಲಿಸಿದ ಮಾತ್ರಕ್ಕೆ, ಒಗ್ಗದಿದ್ದ ಸೊಳ್ಳೆಯಲ್ಲಿಯೂ ರೋಗಾಣು ಬದುಕಿತು. ಬೀಗಕ್ಕೆ ತಕ್ಕ ಬೀಗದಕೈ ದೊರೆತಂತಾಯಿತು.

ಫಾಲ್ಸಿಪಾರಂ ಅಮೆರಿಕಕ್ಕೆ ಹೋದದ್ದು ಗುಲಾಮರನ್ನು ತುಂಬಿದ ಹಡಗುಗಳಲ್ಲಿ, ಸರಪಳಿ ತೊಟ್ಟವರ ರಕ್ತದಲ್ಲಿ. ಅಲ್ಲಿನ ಸೊಳ್ಳೆಗಳು ಅದಕ್ಕೆ ಅಪರಿಚಿತ. ಅವುಗಳಿಗೆ ಒಗ್ಗಿದ ತಳಿಗಳಷ್ಟೇ ಅಲ್ಲಿ ನೆಲೆನಿಂತವು. ಅವುಗಳ ಪೈಕಿ ಬ್ರೆಜಿಲಿನ ಒಂದು ತಳಿಯನ್ನು ಪ್ರಯೋಗಾಲಯದಲ್ಲಿ ಆಫ್ರಿಕದ ಸೊಳ್ಳೆಯ ಒಂದು ತಳಿಗೆ ಉಣಿಸಿದಾಗ, ಆ ಸೊಳ್ಳೆ ಅದನ್ನು ಕೊಂದುಹಾಕಿತು.