ತೆರೆದ ಸೀಸೆ

ಫ್ಲಾರೆನ್ಸಿನಲ್ಲಿ ಮಗನ ಮನೆಯಲ್ಲಿದ್ದಾಗ ಕಿಯಾಂತಿ ವೈನಿನ ಒಂದೇ ಸೀಸೆ ಊಟದ ಮೇಜಿನ ಮೇಲೆ ಮೂರು ರಾತ್ರಿ ಇತ್ತು. ಮನೆಯಲ್ಲಿ ಯಾರೂ ಹೆಚ್ಚು ಕುಡಿಯುವವರಲ್ಲ. ನಾನಂತೂ ಅರ್ಧ ಲೋಟದ ಗಿರಾಕಿ. ಬಿರಡೆ ತೆಗೆದ ರಾತ್ರಿ ಅದು ಎಳೆ ಅಡಕೆಯ ಹಾಗೆ ನಾಲಿಗೆಯನ್ನು ಹಿಡಿಯಿತು. ಊಟ ಮುಗಿಯುವ ಹೊತ್ತಿಗೆ ಅದೇ ಲೋಟದಿಂದ ಚೆರಿ ಹಣ್ಣಿನ ವಾಸನೆ ಏಳತೊಡಗಿತ್ತು. ಮರುದಿನ ಒಗರು ತಗ್ಗಿ ಹಿತವಾಗಿತ್ತು. ಮೂರನೆಯ ರಾತ್ರಿ ಹಣ್ಣಿನ ಸುಳಿವೇ ಇಲ್ಲ, ಬರೀ ಹುಳಿ. ಸೊಸೆ ಅದನ್ನು ಚೆಲ್ಲಲಿಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ ಮಣ್ಣಿನ ಜಾಡಿಗೆ ಸುರಿದಳು. ಅದು ವಿನೆಗರ್ ಜಾಡಿಯಂತೆ.

ಒಗರನ್ನು ಮೆತ್ತಗೆ ಮಾಡಿದ್ದೂ ಗಾಳಿಯೇ, ಹಣ್ಣನ್ನು ಕೊಂದದ್ದೂ ಗಾಳಿಯೇ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವನು ಲೂಯಿ ಪಾಸ್ಚರ್. ವೈನ್ ಕೆಡುವುದೇಕೆ ಎಂದು ಪರೀಕ್ಷಿಸುವ ಕೆಲಸವನ್ನು ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅವನಿಗೆ ಒಪ್ಪಿಸಿದ್ದ. 1866ರಲ್ಲಿ ಪುಸ್ತಕ ಹೊರಬಂತು. ಕೆಲವು ಗಾಜಿನ ಕೊಳವೆಗಳಲ್ಲಿ ವೈನನ್ನು ತುಂಬ ತುಂಬಿ, ಕೆಲವನ್ನು ಅರ್ಧ ಖಾಲಿ ಬಿಟ್ಟು, ಅವನು ಬಾಯಿ ಮುಚ್ಚಿಟ್ಟ. ತುಂಬಿದವು ಇದ್ದ ಹಾಗೇ ಇದ್ದವು. ಗಾಳಿಯಿದ್ದವು ಬಣ್ಣಗೆಟ್ಟು ತಳದಲ್ಲಿ ಗಷ್ಟು ಕಟ್ಟಿದವು. ಹುಳಿಯಾಗುವುದಕ್ಕೆ ಕಾರಣವಾದ ಸೂಕ್ಷ್ಮಜೀವಿಗೂ ಗಾಳಿ ಬೇಕೇಬೇಕು.

ಪಾಸ್ಚರನಿಗಿಂತ ಬಹಳ ಮೊದಲೇ ಟಸ್ಕನಿಯ ರೈತರಿಗೆ ಇದರ ಉಪಾಯ ಗೊತ್ತಿತ್ತು. ಕಿಯಾಂತಿಯನ್ನು ತುಂಬುತ್ತಿದ್ದ ಫಿಯಾಸ್ಕೊ ಎಂಬ ಉರುಟು ಸೀಸೆಗೆ ಹೊರಗೆ ಹುಲ್ಲಿನ ಹೆಣಿಗೆ. ಒಳಗೆ, ವೈನಿನ ಮೇಲೆ, ಒಂದು ಪದರ ಆಲಿವ್ ಎಣ್ಣೆ. ಬಿರಡೆಯ ಬದಲು ಎಣ್ಣೆ! ನಮ್ಮ ಅಜ್ಜಿಯಂದಿರು ಉಪ್ಪಿನಕಾಯಿ ಭರಣಿಯ ಮೇಲೆ ಎಣ್ಣೆ ನಿಲ್ಲಿಸುತ್ತಿದ್ದುದೂ ಇದೇ ಲೆಕ್ಕ. ಎಣ್ಣೆ ತೆಗೆದು ವೈನ್ ಬಗ್ಗಿಸಿದ ಮೇಲೆ ಬೇಗ ಮುಗಿಸಬೇಕು. ಮನೆ ತುಂಬ ಜನರಿದ್ದ ಕಾಲದಲ್ಲಿ ಅದೇನು ದೊಡ್ಡ ಮಾತಾಗಿರಲಿಕ್ಕಿಲ್ಲ.

ಹಾಗೆ ಮುಗಿಸುವ ವೈನೇ ಬೇರೆ, ಇಟ್ಟು ಹಣ್ಣಾಗಿಸುವ ವೈನೇ ಬೇರೆ ಎಂದು ಸ್ಪಷ್ಟವಾಗಿ ಬರೆದಿಟ್ಟವನು ಬ್ರೋಲಿಯೊ ಕೋಟೆಯ ಒಡೆಯ ಬೆತ್ತಿನೊ ರಿಕಾಸೊಲಿ. 1861ರಲ್ಲಿ ಕವೂರ್ ಸತ್ತ ಮೇಲೆ ಇಟಲಿಯ ಪ್ರಧಾನಿಯಾದವನು. ಜನ ಅವನನ್ನು ಉಕ್ಕಿನ ಬ್ಯಾರನ್ ಎನ್ನುತ್ತಿದ್ದರು. 1872ರಲ್ಲಿ ಪೀಸಾದ ಪ್ರಾಧ್ಯಾಪಕರೊಬ್ಬರಿಗೆ ಬರೆದ ಪತ್ರದಲ್ಲಿ ಅವನ ಲೆಕ್ಕ ಹೀಗಿದೆ: ಕಸುವು, ಪರಿಮಳ ಸಾಂಜೊವೇಸೆ ದ್ರಾಕ್ಷಿಯಿಂದ, ಅದರ ಗಡಸು ತಗ್ಗಿಸಲು ಕನಾಯೋಲೊ, ದಿನಬಳಕೆಗೆ ಹಗುರಾಗಲೆಂದು ಮಾಲ್ವಸೀಯ ಎಂಬ ಬಿಳಿ ದ್ರಾಕ್ಷಿ. ಬಹುಕಾಲ ಇಡುವ ವೈನಿಗೆ ಈ ಮೂರನೆಯದು ಬೇಡ ಎಂದೂ ಅವನು ಹೇಳಿದ್ದ.

ಸರ್ಕಾರಕ್ಕೆ ಮೊದಲಿನದು ಕೇಳಿಸಿತು, ಕೊನೆಯದು ಕೇಳಿಸಲಿಲ್ಲ. 1967ರ ನಿಯಮ ಕಿಯಾಂತಿಯಲ್ಲಿ ನೂರಕ್ಕೆ 10ರಿಂದ 30 ಪಾಲು ಬಿಳಿ ದ್ರಾಕ್ಷಿ ಇರಲೇಬೇಕು ಎಂದಿತು. ಬಿಳಿ ದ್ರಾಕ್ಷಿ ಬೆರೆತಷ್ಟೂ ಒಗರು ಕಡಿಮೆ. ಗಾಳಿಯ ಎದುರು ಕೆಂಪು ವೈನಿಗೆ ಇರುವ ಕವಚವೋ ಆ ಒಗರೇ. ಹೀಗೆ ಬೇಗ ಸೋಲುವುದನ್ನೇ ಕಾನೂನು ಮಾಡಿಟ್ಟರು. ಮನಸ್ಸು ಕೆಟ್ಟ ಕೆಲವರು ಕಿಯಾಂತಿ ಎಂಬ ಹೆಸರನ್ನೇ ಬಿಟ್ಟರು. ಆಂತಿನೋರಿ ಮನೆತನ ತನ್ನ ತಿನ್ಯಾನೆಲ್ಲೊದಿಂದ 1975ರಲ್ಲಿ ಬಿಳಿ ದ್ರಾಕ್ಷಿಯನ್ನು ಪೂರ್ತಿ ತೆಗೆದು, ಅದನ್ನು ಬರೀ 'ಊಟದ ವೈನ್' ಎಂಬ ಕೆಳದರ್ಜೆಯ ಹೆಸರಿನಲ್ಲೇ ಮಾರಿತು. ಒಳ್ಳೆಯದನ್ನು ಮಾಡಲು ದರ್ಜೆ ಕಳೆದುಕೊಳ್ಳಬೇಕಾದ ವಿಚಿತ್ರ ಅದು. ಮುಂದೆ ನಿಯಮ ಸಡಿಲಾಯಿತು; ಹಳೆಯ ಗುಡ್ಡಗಾಡಿನ ಕಿಯಾಂತಿ ಕ್ಲಾಸಿಕೊದಲ್ಲಿ 2006ರಿಂದ ಬಿಳಿ ದ್ರಾಕ್ಷಿ ನಿಷಿದ್ಧವೇ ಆಯಿತು. ಉಕ್ಕಿನ ಬ್ಯಾರನ್ನನ ಮಾತಿನ ಉಳಿದರ್ಧ ಕೇಳಿಸಲು ಅಷ್ಟು ವರ್ಷ ಬೇಕಾಯಿತು.

ಹೊರಡುವ ದಿನ ಸೊಸೆ ಒಂದು ಸಣ್ಣ ಸೀಸೆ ತಂದುಕೊಟ್ಟಳು. ಜಾಡಿಯ ವಿನೆಗರ್. ಮೂರನೆಯ ರಾತ್ರಿಯ ನಮ್ಮ ವೈನೂ ಅದರಲ್ಲಿ ಸೇರಿತ್ತು. ಊರಿಗೆ ಬಂದು ಸೌತೆಕಾಯಿಗೆ ಹಾಕಿಕೊಂಡು ತಿಂದೆವು.