ತಂಜಾವೂರಿನ ಶಾಸನವೊಂದರಲ್ಲಿ ಪಾಲು ಮತ್ತು ಊಳಿಗ

ಊಳಿಗದಲ್ಲಿದ್ದವರ ಪೈಕಿ ಒಬ್ಬನು ಇಲ್ಲದಾದರೆ ಅವನ ಕೆಲಸವನ್ನು ಯಾರು ನಡೆಯಿಸತಕ್ಕದ್ದು? ಪಕ್ಕದವನೇ ನಡೆಯಿಸಿದನೆಂದರೆ, ಇಲ್ಲದವನ ಸಂಬಳವು ಯಾರಿಗೆ ಸಲ್ಲತಕ್ಕದ್ದು? ಕಚೇರಿಗಳೂ ಕಾರಖಾನೆಗಳೂ ಹುಟ್ಟಿದ ಮೇಲೆಯೇ ಈ ಪ್ರಶ್ನೆಯು ಎದ್ದಿತೆಂದು ಹಲವರು ಭಾವಿಸುವುದುಂಟು. ಆದರೆ ಸಾವಿರ ವರ್ಷಗಳ ಹಿಂದೆಯೇ ಇದನ್ನು ಯೋಚಿಸಿ, ಉತ್ತರವನ್ನು ಕಲ್ಲಿನ ಮೇಲೆ ಕೊರೆಯಿಸಿಟ್ಟವರು ನಮ್ಮ ನೆರೆಯ ತಮಿಳುನಾಡಿನಲ್ಲಿದ್ದರು.

ತಂಜಾವೂರಿನ ಬೃಹದೀಶ್ವರ ದೇವಾಲಯವನ್ನು ಕಟ್ಟಿಸಿದ ಒಂದನೆಯ ರಾಜರಾಜ ಚೋಳನ ಹೆಸರು ನಮ್ಮವರಿಗೆ ಹೊಸದಲ್ಲ. ಗಂಗವಾಡಿಯು ಚೋಳರ ಕೈಸೇರಿದುದು ಅವನ ಕಾಲದಲ್ಲಿಯೇ. ಅವನ ಆಳ್ವಿಕೆಯ 29ನೆಯ ವರ್ಷದ, ಎಂದರೆ ಸುಮಾರು ಕ್ರಿ. ಶ. 1014ರ, ನೀಳವಾದ ಶಾಸನವೊಂದು ಆ ದೇವಾಲಯದ ಪ್ರಾಕಾರದ ಗೋಡೆಯಲ್ಲಿದೆ. ಅದನ್ನು ಓದಿ ಪ್ರಕಟಿಸಿದವರು ಹುಲ್ಟ್ಷ್ ಎಂಬ ಜರ್ಮನ್ ವಿದ್ವಾಂಸರು. ಚೋಳಮಂಡಲದ ಬೇರೆ ಬೇರೆ ದೇವಾಲಯಗಳಿಂದ ತಂಜಾವೂರಿಗೆ ಕರೆತಂದ 400 ಮಂದಿ ನರ್ತಕಿಯರ ಹೆಸರು, ಅವರು ಹಿಂದೆ ಇದ್ದ ದೇವಾಲಯ, ಈಗ ಯಾವ ಬೀದಿಯ ಯಾವ ಸಾಲಿನಲ್ಲಿ ಎಷ್ಟನೆಯ ಮನೆ, ಎಲ್ಲವೂ ಅದರಲ್ಲಿ ಬರೆದಿವೆ. ಒಬ್ಬೊಬ್ಬಳಿಗೂ ಒಂದು ಮನೆ, ಒಂದು ‘ಪಂಗು’. ಪಂಗೆಂದರೆ ಪಾಲು, ವರ್ಷಕ್ಕೆ 100 ಕಲಂ ಬತ್ತ. ಆಟವನ್ನು ಕಲಿಸುವ ನಟ್ಟುವರಿಗೆ ಎರಡೆರಡು ಪಂಗು. ಕೊಡೆ ಹಿಡಿಯುವವರು, ದೀಪ ಹಚ್ಚುವವರು, ನೀರು ಚಿಮುಕಿಸುವವರು, ಕುಂಬಾರರು, ಮಡಿವಾಳರು, ಕ್ಷೌರಿಕರು, ಜೋಯಿಸರು, ಒಡವೆ ಹೊಲಿಯುವವನು, ಹೀಗೆ ಉಳಿದವರಿಗೂ ಅಳೆದಿಟ್ಟ ಪಾಲುಗಳುಂಟು.

ಇಷ್ಟು ಕರಾರುವಾಕ್ಕಾಗಿ ಬರೆದವರು ಪಾಲುಗಾರರು ಇಲ್ಲದಾಗುವ ಸಂದರ್ಭವನ್ನೂ ಮರೆಯಲಿಲ್ಲ. ಒಬ್ಬರು ತೀರಿಕೊಂಡರೆ ಅಥವಾ ಊರು ಬಿಟ್ಟುಹೋದರೆ, ಅವರ ಹತ್ತಿರದ ನಂಟರು ಆ ಪಾಲನ್ನು ಪಡೆದು ಆ ಕೆಲಸವನ್ನು ಮಾಡತಕ್ಕದ್ದು. ನಂಟರಿಗೆ ಯೋಗ್ಯತೆಯಿಲ್ಲವಾದರೆ ಅವರು ಯೋಗ್ಯರಾದ ಬೇರೊಬ್ಬರನ್ನು ಆರಿಸಿ, ಕೆಲಸ ಮಾಡಿಸಿ, ಪಾಲನ್ನು ಪಡೆಯತಕ್ಕದ್ದು. ನಂಟರೇ ಇಲ್ಲದಿದ್ದರೆ ಅದೇ ಊಳಿಗದ ಇತರರು ಸೇರಿ ತಕ್ಕವರನ್ನು ಆರಿಸತಕ್ಕದ್ದು. ಹಾಗೆ ಬಂದವರಿಗೂ ಮೊದಲಿದ್ದವರಿಗೆ ಸಲ್ಲುತ್ತಿದ್ದಂತೆಯೇ ಪಾಲು ಸಲ್ಲತಕ್ಕದ್ದು.

ವಾಚಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಉಳಿದ ಸಹೋದ್ಯೋಗಿಗಳ ಮೇಲೆ ಬಿದ್ದ ಹೊಣೆಯು ಆರಿಸುವ ಹೊಣೆಯೇ ಹೊರತು, ಇಲ್ಲದವರ ಕೆಲಸವನ್ನು ತಾವು ಹಂಚಿಕೊಂಡು ಮಾಡುವ ಹೊಣೆಯಲ್ಲ. ಪಾಲು ಕೆಲಸಕ್ಕೆ ಅಂಟಿದುದು; ಕೆಲಸವು ನಡೆಯುವವರೆಗೆ ಬತ್ತವೂ ಸಲ್ಲುವುದು. 399 ಮಂದಿಯಿಂದಲೇ 400ರ ಸೇವೆಯನ್ನು ನಡೆಯಿಸಿ, ಉಳಿದ 100 ಕಲಂ ಬತ್ತವನ್ನು ಕಣಜದಲ್ಲಿ ಇಟ್ಟುಕೊಳ್ಳುವ ಲಾಭಕ್ಕೆ ಈ ಕಟ್ಟಳೆಯು ಎಡೆಗೊಡುವುದಿಲ್ಲ.

ಆದರೂ ಇದನ್ನು ಸುವರ್ಣಯುಗವೆಂದು ಕೊಂಡಾಡಲು ನನಗೆ ಮನಸ್ಸಿಲ್ಲ. ಆ 400 ಮಂದಿಯನ್ನು ತಂಜಾವೂರಿನ ಬೀದಿಗಳಲ್ಲಿ ನೆಲೆಗೊಳಿಸಿದುದು ಅರಸನ ಅಪ್ಪಣೆ. ಈ ಕಟ್ಟಳೆಯು ಹೇಳುವುದು ಮರಣವನ್ನೂ ವಲಸೆಯನ್ನೂ ಮಾತ್ರ. ನಾಲ್ಕು ದಿನ ಜ್ವರದಿಂದ ಮಲಗಿದವಳ ಮಾತು ಅದರಲ್ಲಿಲ್ಲ.

ಇನ್ನು ನಮ್ಮ ಕಾಲದ ಬರಹವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಭಾರತದ ಸರಕಾರಿ ನೌಕರರಿಗಾಗಿ 1922ರ ಜನವರಿ 1ರಿಂದ ಜಾರಿಗೆ ಬಂದ ಫಂಡಮೆಂಟಲ್ ರೂಲ್ಸ್‌ಗಳಲ್ಲಿ 49ನೆಯದು ಒಬ್ಬನೇ ಎರಡು ಹುದ್ದೆಗಳನ್ನು ವಹಿಸುವ ವಿಷಯಕ್ಕೆ ಸಂಬಂಧಿಸಿದುದು. ಕೇಂದ್ರ ಸರಕಾರದ ಈಚಿನ ಪಾಠದಂತೆ, ಬೇರೆ ವರ್ಗದ ಹುದ್ದೆಯ ಪೂರ್ಣ ಪ್ರಭಾರವನ್ನು ವಿಧ್ಯುಕ್ತವಾಗಿ ವಹಿಸಿಕೊಂಡವನಿಗೆ, ಕೆಲವು ವಾರಗಳು ಕಳೆದ ಮೇಲೆ, ಆ ಹುದ್ದೆಯ ಸಂಬಳದ ನೂರಕ್ಕೆ 10ರಷ್ಟರ ಮಿತಿಯೊಳಗೆ ಹೆಚ್ಚಳವುಂಟು. ನಿತ್ಯದ ಸಾಮಾನ್ಯ ಕೆಲಸಗಳನ್ನು ಮಾತ್ರ ನೋಡಿಕೊಂಡವನಿಗೆ, ಎಷ್ಟು ಕಾಲ ನೋಡಿಕೊಂಡರೂ, ಏನೂ ಇಲ್ಲ. ಒಂದೇ ಕಚೇರಿಯಲ್ಲಿ, ಒಂದೇ ವರ್ಗದ, ಒಂದೇ ಸಂಬಳದ ಎರಡು ಹುದ್ದೆಗಳನ್ನು ಒಬ್ಬನು ಹೊತ್ತರೂ ಹಾಗೆಯೇ. ಎರಡು ಮೇಜುಗಳ ಕಡತಗಳು ಒಬ್ಬನ ಕೈಯಿಂದ ವಿಲೇವಾರಿಯಾಗುತ್ತವೆ. ಎರಡನೆಯ ಹುದ್ದೆಯು ಖಾಲಿಯಿದ್ದರೆ ಅದರ ಸಂಬಳವು ಬೊಕ್ಕಸದಲ್ಲಿಯೇ ಉಳಿಯುತ್ತದೆ.