ಗಡಿಯಾದ ಹೊಳೆ, ದಾರಿಯಾದ ಹೊಳೆ: ಮಂತ್ರಾಲಯದ ತುಂಗಭದ್ರೆ

ಆದೋನಿ ಸೀಮೆಯ ಉತ್ತರಕ್ಕೆ, ತುಂಗಭದ್ರೆಯ ಬಲದಂಡೆಯಲ್ಲಿ ಮಂತ್ರಾಲಯವಿದೆ. ಅದರ ಹಳೆಯ ಹೆಸರು ಮಂಚಾಲೆ. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಇಲ್ಲಿ ಬೃಂದಾವನಸ್ಥರಾದರು. ಈ ಊರನ್ನು ಕೊಟ್ಟವನು ಆದೋನಿಯ ಅಧಿಕಾರಿ ಸಿದ್ದಿ ಮಸೂದ್ ಖಾನ್ ಅಂತ ಮಠದ ಪರಂಪರೆ ಹೇಳುತ್ತದೆ.

ಎದುರು ದಡ ರಾಯಚೂರು ಸೀಮೆ. ದಾಸಸಾಹಿತ್ಯ ಈ ಎರಡೂ ದಡಗಳಲ್ಲಿ ಬೆಳೆಯಿತು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಆ ಕಡೆ. 1755ರಲ್ಲಿ ಅವರು ತೀರಿಕೊಂಡ ಚಿಪ್ಪಗಿರಿ ಈ ಕಡೆ, ಆಲೂರಿನ ಹತ್ತಿರ. 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರ ಮಾನ್ವಿ ಮತ್ತೆ ಆ ಕಡೆಗೇ.

1800ರಲ್ಲಿ ಆದೋನಿ ಕಂಪನಿಯ ಪಾಲಾಯ್ತು, ರಾಯಚೂರು ನಿಜಾಮರಲ್ಲೇ ಉಳಿಯಿತು. ಹೊಳೆ ಗಡಿಯಾಯ್ತು. ಮುಂದೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು.

ಅದೇ ವರ್ಷ ಹೊಸಪೇಟೆ ಬಳಿ ಅಣೆಕಟ್ಟಿನಲ್ಲಿ ನೀರು ನಿಂತಿತು. ಈಗ ಬೇಸಿಗೆಯಲ್ಲಿ ಮಂತ್ರಾಲಯಕ್ಕೆ ಹೋದರೆ ಕಾಣೋದು ಬಂಡೆ, ಮರಳು, ನಡುವೆ ತೆಳ್ಳಗೆ ಹರಿಯೋ ನೀರು. ಮಳೆಗಾಲದಲ್ಲಿ ಅದೇ ಹೊಳೆ ದಡ ತುಂಬಿ ಕೆಂಪಾಗಿ ಬರುತ್ತೆ. 2009ರ ಅಕ್ಟೋಬರಿನಲ್ಲಿ ಮಠದೊಳಗೇ ನುಗ್ಗಿತ್ತು.

ನನ್ನ ವಾದ ಇಷ್ಟೇ. ಇಂದಿನ ರಾಜ್ಯದ ಗಡಿ ಹಿಡಿದು ಸಾಹಿತ್ಯಚರಿತ್ರೆ ಬರೆದರೆ ಚಿಪ್ಪಗಿರಿ 'ಹೊರಗಿನ' ಊರಾಗುತ್ತೆ, ವಿಜಯದಾಸರ ಬದುಕು ಅರ್ಧಕ್ಕೆ ತುಂಡಾಗುತ್ತೆ. ಹೊಳೆಗುಂಟ ಬರೆದರೆ ಎರಡೂ ದಡ ಸೇರಿ ಒಂದೇ ಅಧ್ಯಾಯ. ಹಾಗೆ ಬರೆಯೋಣ ಅನ್ನೋದು ನನ್ನ ಕೋರಿಕೆ.